ಮರದ ಲೆಕ್ಕ ಕೊಟ್ಟಿರಿ, ಹಳ್ಳದ ಲೆಕ್ಕ ಎಲ್ಲಿ? ಘಟ್ಟದ ಕಾಡು ಮತ್ತು ನೀರಿನ ಕುರಿತು ರಾಜ್ಯ ಸರ್ಕಾರಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು ಹಾಗೂ ಅರಣ್ಯ, ಜಲಸಂಪನ್ಮೂಲ, ಇಂಧನ ಖಾತೆಗಳ ಸಚಿವರು,
ಕರ್ನಾಟಕ ಸರ್ಕಾರ

ಮಾನ್ಯರೇ,

ಪಶ್ಚಿಮಘಟ್ಟದ ಕಾಡಿನಲ್ಲಿ ಯಾವ ಯೋಜನೆಯೇ ಬರಲಿ, ಕಡತದಲ್ಲಿ ಮೂರು ಅಂಕಿ ತಪ್ಪದೆ ಇರುತ್ತವೆ: ಎಷ್ಟು ಹೆಕ್ಟೇರ್ ಅರಣ್ಯ ಹೋಗುತ್ತದೆ, ಎಷ್ಟು ಮರ ಬೀಳುತ್ತವೆ, ಬದಲಿಗೆ ಎಷ್ಟು ಹಣ ಕಟ್ಟಬೇಕು. ನಾಲ್ಕನೆಯ ಅಂಕಿ ಇರುವುದಿಲ್ಲ. ಆ ಕಾಡಿನಿಂದ ಇಳಿಯುವ ಹಳ್ಳದಲ್ಲಿ ಏಪ್ರಿಲ್ ತಿಂಗಳಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ನೀರು ಹರಿಯುತ್ತಿದೆ, ಕಾಡು ಹೋದ ಮೇಲೆ ಎಷ್ಟು ಉಳಿದೀತು? ಈ ಪತ್ರ ಬರೆಯುತ್ತಿರುವುದು ಆ ಅಂಕಿಯನ್ನು ಕೇಳಲಿಕ್ಕೆ. ಅದನ್ನು ಪಡೆಯುವುದು ಹೇಗೆ, ಅಳೆಯುವವರು ಎಲ್ಲಿ ಎಡವುತ್ತಾರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ‘ತಾಂತ್ರಿಕವಾಗಿ ಕಷ್ಟಸಾಧ್ಯ’ ಎಂಬ ಷರಾ ಬರೆದು ಕಡತ ಮುಚ್ಚುವುದು ಬೇಡವೆಂದು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು, ಘಟ್ಟದ ಕೆಳಗೆ ಹೊಳೆಗಳು ಉಕ್ಕಿದವು. ಒಂಬತ್ತು ತಿಂಗಳಾಗಿತ್ತಷ್ಟೆ, 2019ರ ಮೇ ತಿಂಗಳಲ್ಲಿ ಧರ್ಮಸ್ಥಳದಲ್ಲಿ ನೇತ್ರಾವತಿ ತಳ ಕಂಡು, ಯಾತ್ರೆಯನ್ನು ಮುಂದೂಡಿ ಎಂದು ಕ್ಷೇತ್ರದವರೇ ಭಕ್ತರನ್ನು ಕೋರಬೇಕಾಯಿತು. ಹಿಂಗಾರು, ಬೇಸಿಗೆ ಮಳೆ ಕೈಕೊಟ್ಟದ್ದು, ಹೊಳೆಯುದ್ದಕ್ಕೂ ಪಂಪು ಇಟ್ಟದ್ದು, ಮರಳು ಎತ್ತಿದ್ದು ಎಲ್ಲವೂ ಇದರಲ್ಲಿ ಸೇರಿವೆ. ಕಾಡು ಹೋದದ್ದೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಮಳೆಗಾಲದಲ್ಲಿ ದಂಡೆ ಮೀರುವ ಹೊಳೆ ಬೇಸಿಗೆಗೆ ತಳ ಕಾಣುವುದು ಮಳೆ ಕಡಿಮೆಯಾದ್ದರಿಂದ ಮಾತ್ರ ಅಲ್ಲ. ಸುರಿದದ್ದು ಗುಡ್ಡದಲ್ಲಿ ನಿಲ್ಲುತ್ತಿಲ್ಲ.

ನಿಲ್ಲುವುದು ಎಲ್ಲಿ ಎಂಬುದನ್ನು ಮೊದಲು ನೋಡೋಣ. ನಿತ್ಯಹರಿದ್ವರ್ಣದ ಕಾನಿನಲ್ಲಿ ಹನಿ ನೇರ ಮಣ್ಣಿಗೆ ಬೀಳುವುದಿಲ್ಲ. ಮೇಲಿನ ಚಪ್ಪರ, ನಡುವಿನ ಮರ, ಗಿಡಗಂಟಿ, ಕೊನೆಗೆ ದರಗಿನ (ಉದುರಿದ ಒಣ ಎಲೆಯ) ಹಾಸು, ಇಷ್ಟನ್ನು ದಾಟಿ ಬರುವಷ್ಟರಲ್ಲಿ ಅದರ ಹೊಡೆತ ಸತ್ತಿರುತ್ತದೆ. ದರಗಿನಡಿಯ ಮಣ್ಣು ಎರೆಹುಳು, ಗೆದ್ದಲು, ಸತ್ತ ಬೇರುಗಳು ಬಿಟ್ಟುಹೋದ ರಂಧ್ರಗಳಿಂದ ಸಡಿಲವಾಗಿರುತ್ತದೆ. ಗಂಟೆಗೆ ಹತ್ತಾರು ಮಿಲಿಮೀಟರ್ ಸುರಿದರೂ ಬಹುಪಾಲು ಒಳಗಿಳಿಯುತ್ತದೆ. ಅದೇ ಜಾಗದಲ್ಲಿ ಮರ ಕಡಿದು, ದನ ಮೇದು, ವರ್ಷಕ್ಕೊಮ್ಮೆ ಬೆಂಕಿ ಬಿದ್ದು, ದರಗು ಗುಡಿಸಿ ಒಯ್ದರೆ ಜಂಬಿಟ್ಟಿಗೆ ನೆಲ ಹತ್ತಿಪ್ಪತ್ತು ವರ್ಷದಲ್ಲಿ ಗಟ್ಟಿಯಾಗಿಬಿಡುತ್ತದೆ. ರಂಧ್ರ ಮುಚ್ಚುವುದು ಮೇಲಿನ ಕೆಲವೇ ಸೆಂಟಿಮೀಟರ್ ಪದರದಲ್ಲಿ. ಅಷ್ಟಾದರೆ ಸಾಕು, ಕೆಳಗಿನ ಹತ್ತಾರು ಅಡಿ ಮಣ್ಣು ನೀರಿಗೆ ಸಿಗದೆ ಹೋಗುತ್ತದೆ.

ಇದು ಊಹೆಯಲ್ಲ. ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ಸಂಗಡಿಗರು ಉತ್ತರ ಕನ್ನಡದ ಪುಟ್ಟ ಜಲಾನಯನಗಳಲ್ಲಿ ಮಳೆಯನ್ನೂ ಹಳ್ಳವನ್ನೂ ಒಟ್ಟಿಗೆ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಕರಾವಳಿ ಬದಿಯ ಹಳ್ಳಗಳಲ್ಲಿ, ನೈಸರ್ಗಿಕ ಕಾಡಿನ ಮೇಲೆ ಸುರಿದ ಮಳೆಯಲ್ಲಿ ಸುಮಾರು ಶೇ 28 ಹಳ್ಳದ ಹರಿವಾಗಿ ಹೊರಬಿತ್ತು. ಹಾಳಾದ ಕಾಡಿನಲ್ಲಿ ಅದು ಶೇ 45. ಅಕೇಶಿಯಾ ನೆಡುತೋಪು ಇವೆರಡರ ನಡುವೆ, ಶೇ 33ರ ಹತ್ತಿರ: ಬೋಳುಗುಡ್ಡಕ್ಕಿಂತ ವಾಸಿ, ಕಾಡಿಗೆ ಸಾಟಿಯಲ್ಲ.

ಈ ಶೇಕಡಾವಾರನ್ನು ನಿಮ್ಮ ಇಲಾಖೆಗಳ ಭಾಷೆಗೆ ತರೋಣ. 1 ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಎಂದರೆ 10,000 ಲೀಟರ್. ಮಳೆಗಾಲದಲ್ಲಿ 3,000 ಮಿ.ಮೀ. ಬೀಳುವ ಜಾಗದಲ್ಲಿ ಹೆಕ್ಟೇರಿಗೆ 3 ಕೋಟಿ ಲೀಟರ್. ಶೇ 28ಕ್ಕೂ ಶೇ 45ಕ್ಕೂ ಇರುವ ವ್ಯತ್ಯಾಸ ಹೆಕ್ಟೇರಿಗೆ 51 ಲಕ್ಷ ಲೀಟರ್ ಆಗುತ್ತದೆ. 100 ಚದರ ಕಿ.ಮೀ. ಕಾಡು ಹಾಗೆ ಹಾಳಾದರೆ 5,100 ಕೋಟಿ ಲೀಟರ್, ಅಂದರೆ 1.8 ಟಿಎಂಸಿ. ಇಷ್ಟು ನೀರು ಪ್ರತಿ ಮಳೆಗಾಲದಲ್ಲೂ ಗುಡ್ಡದಲ್ಲಿ ಇಂಗುವ ಬದಲು ಕೆನ್ನೀರಾಗಿ ಇಳಿದುಹೋಗುತ್ತದೆ. ಇಂಗಿದ್ದೆಲ್ಲ ಬೇಸಿಗೆಯ ಹಳ್ಳಕ್ಕೆ ಬರುತ್ತದೆಂದಲ್ಲ. ಒಂದು ಪಾಲನ್ನು ಮರಗಳೇ ಕುಡಿದು ಆವಿ ಮಾಡುತ್ತವೆ. ಅದನ್ನು ಕಳೆದು ನೋಡಿದ ಮೇಲೂ ಅಂತರ್ಜಲಕ್ಕೆ ಸೇರುವ ಪಾಲು ಕಾಡಿನಲ್ಲಿಯೇ ಹೆಚ್ಚು ಎಂದು ಅದೇ ತಂಡದ 2013ರ ಲೆಕ್ಕ ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು, ಏಕೆಂದರೆ ಪರಿಸರದ ಪರವಾಗಿ ಮಾತಾಡುವವರು ಇದನ್ನು ಹೆಚ್ಚಾಗಿ ಮರೆಮಾಚುತ್ತಾರೆ. ಕಾಡು ಕಡಿದರೆ ಹೊಳೆಯ ವಾರ್ಷಿಕ ಒಟ್ಟು ಹರಿವು ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಬಹಳ ಕಡೆ ಅದು ಹೆಚ್ಚುತ್ತದೆ. ಮೇಲಿನ ಅಂಕಿಗಳೇ ಸಾಕ್ಷಿ. ಅಣೆಕಟ್ಟಿನ ಒಳಹರಿವನ್ನು ವರ್ಷದ ಲೆಕ್ಕದಲ್ಲಿ ನೋಡುವ ಎಂಜಿನಿಯರಿಗೆ ಇದರಲ್ಲಿ ನಷ್ಟ ಕಾಣುವುದಿಲ್ಲ. ನಷ್ಟ ಇರುವುದು ನೀರು ಬರುವ ಕಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವಾದಷ್ಟು ಬಂದು, ಜೊತೆಗೆ ಹೂಳನ್ನೂ ತಂದು, ಫೆಬ್ರುವರಿಗೆ ಹಳ್ಳ ಕಡಿದುಹೋಗುತ್ತದೆ. ಜಲಾಶಯದ ಕೆಳಗಿನವರಿಗೆ ಗೇಟು ಎತ್ತುವವರಿದ್ದಾರೆ. ಮೇಲಿನ ಹಳ್ಳಿಯಲ್ಲಿ ಅಬ್ಬಿ ನೀರು, ಒರತೆ, ಕಟ್ಟದ ನೀರು ನಂಬಿದವರಿಗೆ ಗೇಟೂ ಇಲ್ಲ, ಟ್ಯಾಂಕರ್ ಹತ್ತುವ ರಸ್ತೆಯೂ ಇಲ್ಲ. ಹಾಗಾಗಿ ನಾವು ಕೇಳುತ್ತಿರುವುದು ವಾರ್ಷಿಕ ಇಳುವರಿಯನ್ನಲ್ಲ, ಬೇಸಿಗೆಯ ಹರಿವನ್ನು. ಯೋಜನಾ ವರದಿಗಳಲ್ಲಿ ಮೊದಲನೆಯದು ಪುಟಗಟ್ಟಲೆ ಇರುತ್ತದೆ, ಎರಡನೆಯದು ಹುಡುಕಿದರೂ ಸಿಗದು.

ಮರ ಕುಡಿದ ನೀರು ವ್ಯರ್ಥವೇ? ಆ ಪ್ರಶ್ನೆಯೂ ಬರುತ್ತದೆ, ಬರಬೇಕು. ದಿನಕ್ಕೆ 3ರಿಂದ 4 ಮಿ.ಮೀ. ಆವಿ ಬಿಡುವ ಕಾಡು ಹೆಕ್ಟೇರಿಗೆ ದಿನವೂ 30ರಿಂದ 40 ಸಾವಿರ ಲೀಟರ್ ನೀರನ್ನು ಗಾಳಿಗೆ ಸೇರಿಸುತ್ತದೆ. ಘಟ್ಟದ ಮೇಲಿನ ಈ ತೇವ ಎಲ್ಲಿಗೆ ಹೋಗುತ್ತದೆಂದು ಮುಂಬೈ ಐಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂಬಾಲಿಸಿ ನೋಡಿದ್ದಾರೆ. ತಮಿಳುನಾಡಿಗೆ ನೈಋತ್ಯ ಮುಂಗಾರಿನಲ್ಲಿ ಬೀಳುವ ಮಳೆಯಲ್ಲಿ ಶೇ 25ರಿಂದ 40ರಷ್ಟಕ್ಕೆ ಪಶ್ಚಿಮಘಟ್ಟದ ಕಾಡು ಬಿಟ್ಟ ಆವಿಯೇ ಮೂಲ. ಮಳೆ ಕೊರತೆಯ ವರ್ಷಗಳಲ್ಲಿ ಇದು ಶೇ 50ಕ್ಕೆ ಏರುತ್ತದೆ. ಘಟ್ಟದ ಕಾಡು ಹೋದರೆ ಅಲ್ಲಿನ ಮುಂಗಾರು ಮಳೆ ದಿನಕ್ಕೆ 1ರಿಂದ 2.5 ಮಿ.ಮೀ. ಕುಸಿಯಬಹುದು, ತಾಪಮಾನ ಸುಮಾರು ಕಾಲು ಡಿಗ್ರಿ ಏರಬಹುದು ಎಂಬುದು ಅವರ ಮಾದರಿಯ ಫಲಿತಾಂಶ.

ತಮಿಳುನಾಡಿನ ಮಳೆಗೆ ನಾವೇಕೆ ಕಾಡು ಕಾಯಬೇಕು ಎನ್ನುವ ಬುದ್ಧಿವಂತರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರಿಗೆ ಎರಡು ಮಾತು. ಮುಂಗಾರಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವಾಗ ನಡುವೆ ಇರುವುದು ನಮ್ಮದೇ ಬಯಲುಸೀಮೆ. ಘಟ್ಟದ ನೆರಳಿನಲ್ಲಿ ಕಡಲಿನ ತೇವ ಅರ್ಧ ಖಾಲಿಯಾದ ಗಾಳಿಗೆ ಕಾಡು ಮತ್ತೆ ತೇವ ತುಂಬಿ ಕಳಿಸುವುದು ಹಾಸನ, ತುಮಕೂರು, ಮಂಡ್ಯದ ಮೇಲೆಯೇ. ಎರಡನೆಯದು, ಅಲ್ಲಿ ಮಳೆ ಕೈಕೊಟ್ಟ ವರ್ಷವೇ ಕೃಷ್ಣರಾಜಸಾಗರದ ಗೇಟಿನ ಜಗಳ ಜೋರಾಗುವುದು. ಕೊಡಗಿನ ಕಾಡನ್ನು ತೆಳುವಾಗಿಸಿ ಕಾವೇರಿ ಪ್ರಾಧಿಕಾರದ ಮುಂದೆ ವಕೀಲರನ್ನು ನಿಲ್ಲಿಸುವುದು ದುಬಾರಿ ವ್ಯವಹಾರ. 1977ರಿಂದ 1997ರ ನಡುವಿನ ಇಪ್ಪತ್ತು ವರ್ಷದಲ್ಲಿ ಆ ಜಿಲ್ಲೆಯ ಕಾಡಿನ ಹೊದಿಕೆ ಶೇ 28ರಷ್ಟು ಕುಗ್ಗಿತ್ತು. ತೋಟದೊಳಗಿನ ನೆರಳುಮರಗಳಲ್ಲೂ ಸ್ಥಳೀಯ ಜಾತಿಗಳು ಹೋಗಿ ಸಿಲ್ವರ್ ಓಕ್ ಬಂದದ್ದು ಉಪಗ್ರಹದ ಚಿತ್ರದಲ್ಲಿ ಹಸಿರಾಗಿಯೇ ಕಾಣುತ್ತದೆ, ಹಾಗಾಗಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಇಂಗಾಲದ ಮಾತು ಎಲ್ಲರೂ ಆಡುತ್ತಾರೆ, ನಾವು ಬೆಳೆಸುವುದಿಲ್ಲ. ಒಂದು ಟನ್ ಇಂಗಾಲ ಕೊಳೆತೋ ಸುಟ್ಟೋ ಹೋದರೆ 3.67 ಟನ್ ಇಂಗಾಲದ ಡೈ ಆಕ್ಸೈಡ್. ದಟ್ಟ ಕಾನು ಹೆಕ್ಟೇರಿಗೆ ನೂರು ಟನ್ನಿಗೂ ಮಿಕ್ಕಿ ಇಂಗಾಲ ಹಿಡಿದಿಡುತ್ತದೆ. ನೆಟ್ಟ ಸಸಿ ಅಷ್ಟಾಗಲು ಎಷ್ಟೋ ದಶಕ ಬೇಕು.

ಗುಡ್ಡ ಜರಿಯುವ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸದುದ್ದೇಶದಿಂದಲೇ ಇಲ್ಲಿ ಅನಾಹುತವಾಗುತ್ತಿದೆ. 2018ರ ಕೊಡಗು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲಾದ ಶಿರೂರು: ಪ್ರತಿಯೊಂದರ ಮಣ್ಣು, ಕಾರಣ ಬೇರೆ ಬೇರೆ. ಆದರೂ ಕೆಲವು ಸಂಗತಿ ಮತ್ತೆ ಮತ್ತೆ ಎದುರಾಗುತ್ತವೆ. ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ನೆಟ್ಟಗೆ ಕಡಿದು ಧರೆ ಮಾಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಗುಡ್ಡದ ಒಳಗೆ ಮಣ್ಣಿನಲ್ಲಿ ಹರಿಯುತ್ತಿದ್ದ ನೀರನ್ನು ಆ ಧರೆ ಕತ್ತರಿಸುತ್ತದೆ. ಅದು ಹೊರಬಂದು ಚರಂಡಿ ಸೇರಿ, ಮೊದಲು ಹತ್ತು ಕಡೆ ಹರಡಿ ಇಳಿಯುತ್ತಿದ್ದುದು ಈಗ ಒಂದೇ ಮೋರಿಯಿಂದ ಕೆಳಗಿನ ಇಳಿಜಾರಿಗೆ ಧುಮುಕುತ್ತದೆ. ತಡೆಗೋಡೆ ಕಟ್ಟುತ್ತಾರೆ, ನೀರು ಹೊರಹೋಗುವ ತೂತು ಬಿಡುವುದಿಲ್ಲ. ಬಿಟ್ಟರೂ ಹಿಂಬದಿಗೆ ಜಲ್ಲಿ ತುಂಬದೆ ಮಣ್ಣೇ ತುಂಬುತ್ತಾರೆ, ಎರಡು ಮಳೆಗಾಲದಲ್ಲಿ ತೂತು ಮುಚ್ಚುತ್ತದೆ. ಆಮೇಲೆ ಗೋಡೆ ತಡೆಯಬೇಕಾದದ್ದು ಮಣ್ಣನ್ನಷ್ಟೇ ಅಲ್ಲ, ಹಿಂದೆ ನಿಂತ ನೀರಿನ ಒತ್ತಡವನ್ನೂ.

ಇನ್ನು ಇಂಗುಗುಂಡಿ. ಬಯಲುಸೀಮೆಯ ತೆಳು ಇಳಿಜಾರಿನಲ್ಲಿ ಒಳ್ಳೆಯ ಕೆಲಸ ಮಾಡುವ ಕಂದಕವನ್ನು ಘಟ್ಟದ ಕಡಿದಾದ ಗುಡ್ಡಕ್ಕೂ ಜೆಸಿಬಿ ಹತ್ತಿಸಿ ತೋಡುವುದು ‘ಜಲಸಂರಕ್ಷಣೆ’ಯ ಹೆಸರಿನಲ್ಲಿ ನಡೆಯುತ್ತಿದೆ. ಆಳದ ಜೇಡಿ ಮಣ್ಣಿರುವ ಕಡಿದಾದ ಇಳಿಜಾರಿನಲ್ಲಿ ಆಗಸ್ಟ್ ಹೊತ್ತಿಗೆ ಮಣ್ಣು ಆಗಲೇ ತುಂಬಿರುತ್ತದೆ. ಅಲ್ಲಿ ಸಾಲುಗುಂಡಿ ತೋಡಿ ಇನ್ನಷ್ಟು ನೀರು ಇಳಿಸಿದರೆ ಮಣ್ಣಿನ ತೂಕ ಹೆಚ್ಚುತ್ತದೆ, ಕಣಗಳ ಹಿಡಿತ ಸಡಿಲುತ್ತದೆ, ಕಂದಕದ ಗೆರೆಯೇ ಬಿರುಕಿನ ಗೆರೆಯಾಗುತ್ತದೆ. 20 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಗುಂಡಿ ತೋಡುವುದನ್ನು ನಿಲ್ಲಿಸಿ ಎಂದು ಒಂದು ಸುತ್ತೋಲೆ ಹೊರಡಿಸಿದರೂ ದೊಡ್ಡ ಉಪಕಾರ. ಅಂಥ ಕಡೆ ದರಗು ಉಳಿಸಿ, ಬೆಂಕಿ ತಡೆದರೆ ಸಾಕು. ನೆಲ ತನಗೆ ಬೇಕಾದಷ್ಟನ್ನು ತಾನೇ ಕುಡಿಯುತ್ತದೆ.

ಅಳೆಯದೆ ಹೋದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಘಟ್ಟದ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆ ನಿಂತಿರುವುದು 24.01 ಟಿಎಂಸಿ ನೀರು ಸಿಗುತ್ತದೆಂಬ ಅಂದಾಜಿನ ಮೇಲೆ. ಅದೇ ಜಲಾನಯನದಲ್ಲಿ ಸಿಗುವುದು 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿತು. ಎರಡೂವರೆ ಪಟ್ಟು ಅಂತರ! ಯಾರು ಸರಿ ಎಂಬ ವಾದ ಹಾಗಿರಲಿ. ಸಾವಿರಾರು ಕೋಟಿ ಸುರಿಯುವ ಮೊದಲು ಆ ಹಳ್ಳಗಳಲ್ಲೇ ಹತ್ತು ವರ್ಷ ಅಳೆದ ದಾಖಲೆ ಇದ್ದಿದ್ದರೆ ಈ ವಾದ ಹುಟ್ಟುತ್ತಲೇ ಇರಲಿಲ್ಲ. 2012ರಲ್ಲಿ 8 ಸಾವಿರ ಕೋಟಿಯ ಸುಮಾರಿಗೆ ಶುರುವಾದ ಅಂದಾಜುಪಟ್ಟಿ 23 ಸಾವಿರ ಕೋಟಿ ದಾಟಿದೆ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೂ ಇದೇ ಪ್ರಶ್ನೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಇಳಿಸಿ ಏರಿಸಿ 2,000 ಮೆಗಾವಾಟ್ ಉತ್ಪಾದಿಸುವ ಯೋಜನೆಯದು. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ, ರಸ್ತೆ, ಮಣ್ಣು ಸುರಿಯುವ ಜಾಗ ಎಲ್ಲ ಬೇಕು. ಎರಡು ಜಲಾಶಯಗಳ ನಡುವೆ ಅದೇ ನೀರು ಓಡಾಡುವುದರಿಂದ ‘ನೀರು ಖರ್ಚಾಗುವುದಿಲ್ಲ’ ಎನ್ನುತ್ತಾರೆ. ಜಲಾಶಯದ ನೀರಿನ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ನಾವು ಕೇಳುವುದು ಜಲಾಶಯದ ನೀರನ್ನಲ್ಲ, ಸುರಂಗ ಹಾಯುವ ಗುಡ್ಡದ ಒರತೆಗಳನ್ನು. ಬಂಡೆಯ ಬಿರುಕಿನಲ್ಲಿ ಹರಿಯುವ ನೀರಿಗೆ ಸುರಂಗ ಅಡ್ಡ ಬಂದರೆ ಅದು ಸುರಂಗದೊಳಕ್ಕೆ ಸೋರಿ, ಮೇಲಿನ ಒರತೆ ಕಣ್ಣು ಮುಚ್ಚುತ್ತದೆ. ಯಾವ ಒರತೆ, ಎಷ್ಟು ಎತ್ತರದಲ್ಲಿ, ಮಾರ್ಚಿನಲ್ಲಿ ಎಷ್ಟು ಲೀಟರ್ ಎಂಬ ಪಟ್ಟಿ ಕೆಲಸಕ್ಕೆ ಮೊದಲೇ ಇಲ್ಲದಿದ್ದರೆ ಮುಂದೆ ಬತ್ತಿದ್ದಕ್ಕೆ ಯಾರೂ ಹೊಣೆಯಾಗುವುದಿಲ್ಲ. ಪರಿಸರ ಪರಿಣಾಮ ವರದಿಗೆ ಒಂದು ವರ್ಷದ ಮೂರು ಋತುಗಳ ದತ್ತಾಂಶ ಸಾಕೆಂಬ ಪದ್ಧತಿ ಇದೆ. ಆ ಒಂದು ವರ್ಷ ಒಳ್ಳೆ ಮಳೆಯದಾಗಿದ್ದರೆ? ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗಕ್ಕೂ, ಬೇಡ್ತಿ ನದಿಯ ನೀರನ್ನು ತಿರುಗಿಸುವ ಪ್ರಸ್ತಾಪಕ್ಕೂ ಈ ಮಾತು ಅನ್ವಯ.

ಈಗ ಅಳೆಯುವ ವಿಧಾನ. ಸಣ್ಣ ಹಳ್ಳಕ್ಕೆ ಬೇಕಾದದ್ದು 90 ಡಿಗ್ರಿಯ ‘ವಿ’ ಕಚ್ಚು ಕೊಯ್ದ ಲೋಹದ ತಗಡು, ಅಳತೆಪಟ್ಟಿ, ಸ್ವಲ್ಪ ಸಿಮೆಂಟು, ಮತ್ತು ವಾರಕ್ಕೊಮ್ಮೆ ಹೋಗಿ ಬರೆದುಕೊಳ್ಳುವ ಒಬ್ಬರು. ಹಳ್ಳ ನೇರವಾಗಿ, ನಿಧಾನ ಹರಿಯುವ ಕಡೆ, ಬಂಡೆ ತಳವಿರುವಲ್ಲಿ ತಗಡನ್ನು ಅಡ್ಡ ನಿಲ್ಲಿಸಿ ಎಲ್ಲ ನೀರೂ ಕಚ್ಚಿನಿಂದಲೇ ಬೀಳುವಂತೆ ಮಾಡಬೇಕು. ಕಚ್ಚಿನ ತಳದಿಂದ ನೀರಿನ ಮಟ್ಟ ಎಷ್ಟು ಎತ್ತರವೆಂದು ಮೀಟರಿನಲ್ಲಿ ಅಳೆದು, ಅದರ ಎರಡೂವರೆ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ಎಂಬುದು ಸಿಗುತ್ತದೆ. ಲೆಕ್ಕ ಬೇಡವೆನ್ನುವವರಿಗೆ ಪಟ್ಟಿ ಬರೆದುಕೊಟ್ಟರಾಯಿತು: 5 ಸೆಂ.ಮೀ. ಎತ್ತರಕ್ಕೆ ಸೆಕೆಂಡಿಗೆ 0.77 ಲೀಟರ್, 10 ಸೆಂ.ಮೀ.ಗೆ 4.4 ಲೀಟರ್, 20 ಸೆಂ.ಮೀ.ಗೆ ಸುಮಾರು 25 ಲೀಟರ್.

ತಪ್ಪುವುದು ಎಲ್ಲಿ? ಅಳತೆಪಟ್ಟಿಯನ್ನು ಕಚ್ಚಿನ ಪಕ್ಕದಲ್ಲೇ ಅಂಟಿಸುತ್ತಾರೆ. ಕಚ್ಚಿನ ಬಳಿ ನೀರು ಬಾಗಿ ಇಳಿಯುವುದರಿಂದ ಓದು ಕಡಿಮೆ ಬರುತ್ತದೆ. ಗರಿಷ್ಠ ಎತ್ತರದ ನಾಲ್ಕು ಪಟ್ಟು ದೂರ ಮೇಲ್ಗಡೆ ಪಟ್ಟಿ ಇರಬೇಕು. ತಗಡಿನ ಅಡಿಯಿಂದ, ಬದಿಯಿಂದ ನೀರು ಸೋರುತ್ತದೆ, ಬೇಸಿಗೆಯಲ್ಲಿ ಹರಿವೇ ಸೋರಿಕೆಯಷ್ಟು ಇರುವಾಗ ಅಂಕಿಗೆ ಅರ್ಥವಿಲ್ಲ. ಅದನ್ನು ನೋಡಲು ಬಣ್ಣದ ಪುಡಿ ಸಾಕು. ಹಿಂದಿನ ಮಡುವಿನಲ್ಲಿ ಹೂಳು ತುಂಬಿ ನೀರು ವೇಗವಾಗಿ ಬಂದರೆ ಸೂತ್ರ ಕೆಲಸ ಮಾಡುವುದಿಲ್ಲ. ಕೆಳಗಿನ ನೀರು ಕಚ್ಚಿನ ಮಟ್ಟಕ್ಕೆ ಏರಿದರೂ ಅಷ್ಟೇ, ನೀರು ಗಾಳಿಯಲ್ಲಿ ಸ್ವತಂತ್ರವಾಗಿ ಬೀಳುತ್ತಿರಬೇಕು. ಕಚ್ಚಿಗೆ ಎಲೆ ಸಿಕ್ಕಿಕೊಂಡಿದ್ದರೆ ತೆಗೆದ ಕೂಡಲೇ ಓದಬಾರದು, ಮಟ್ಟ ನಿಲ್ಲಲು ಹತ್ತು ಹದಿನೈದು ನಿಮಿಷ ಬಿಡಬೇಕು. 5 ಸೆಂ.ಮೀ. ಎತ್ತರದಲ್ಲಿ 5 ಮಿ.ಮೀ. ತಪ್ಪಾಗಿ ಓದಿದರೆ ಹರಿವಿನ ಲೆಕ್ಕ ಶೇ 25ರಷ್ಟು ತಪ್ಪುತ್ತದೆ. ಆದ್ದರಿಂದ ಬಣ್ಣ ಬಳಿದ ಕೋಲು ಸಾಲದು, ಮಿಲಿಮೀಟರ್ ಗೆರೆಯ ಪಟ್ಟಿಯೇ ಬೇಕು. ಜುಲೈ ಪ್ರವಾಹವನ್ನು ಈ ಕಚ್ಚಿನಲ್ಲಿ ಅಳೆಯಲು ಹೋಗಬೇಡಿ, ತಗಡೇ ಕೊಚ್ಚಿಹೋಗುತ್ತದೆ. ಅದಕ್ಕೆ ಮೋರಿ, ಸೇತುವೆಯ ಕೆಳಗೆ ಮಟ್ಟ ಬರೆಯುವ ಯಂತ್ರ ಕೂರಿಸಬೇಕು. ಕಚ್ಚು ಡಿಸೆಂಬರಿನಿಂದ ಮೇವರೆಗಿನ ಕೆಲಸಕ್ಕೆ.

ಈ ಅಂಕಿಗಳಿಂದ ಏನು ತಿಳಿಯುತ್ತದೆ? ಮಳೆ ನಿಂತ ಮೇಲೆ ಹರಿವು ಅರ್ಧಕ್ಕೆ ಇಳಿಯಲು ಎಷ್ಟು ದಿನ ಹಿಡಿಯಿತು ಎಂಬುದು. ಹಳ್ಳದ ಆರೋಗ್ಯಕ್ಕೆ ಇದಕ್ಕಿಂತ ಸರಳ ಅಳತೆ ಇಲ್ಲ. ಉದಾಹರಣೆಗೆ ಡಿಸೆಂಬರ್ ಮೊದಲ ವಾರ ಎರಡು ಹಳ್ಳಗಳಲ್ಲೂ 10 ಸೆಂ.ಮೀ. ಎತ್ತರವಿದೆ ಎನ್ನಿ, ಸೆಕೆಂಡಿಗೆ 4.4 ಲೀಟರ್. ಒಂದರ ಹರಿವು 60 ದಿನಕ್ಕೊಮ್ಮೆ ಅರ್ಧವಾಗುತ್ತದೆ, ಇನ್ನೊಂದರದು 25 ದಿನಕ್ಕೊಮ್ಮೆ. 150 ದಿನ ಕಳೆದು ಮೇ ಬರುವಾಗ ಮೊದಲನೆಯದರಲ್ಲಿ ಸೆಕೆಂಡಿಗೆ 0.77 ಲೀಟರ್ ಉಳಿದಿರುತ್ತದೆ: ದಿನಕ್ಕೆ 66 ಸಾವಿರ ಲೀಟರಿಗೂ ಮಿಕ್ಕಿ, ಜಲಜೀವನ್ ಮಿಷನ್ನಿನ ತಲೆಗೆ 55 ಲೀಟರ್ ಲೆಕ್ಕದಲ್ಲಿ 1,200 ಜನಕ್ಕೆ ಕುಡಿಯುವ ನೀರು. ಎರಡನೆಯದರಲ್ಲಿ ಉಳಿಯುವುದು 0.07 ಲೀಟರ್, ನೂರು ಜನಕ್ಕೆ ಸಾಕಾಗುವಷ್ಟು. ಡಿಸೆಂಬರಿನಲ್ಲಿ ಎರಡೂ ಹಳ್ಳ ಒಂದೇ ಥರ ಕಾಣುತ್ತಿದ್ದವು. ಮನೆಮನೆಗೆ ನಲ್ಲಿ ಹಾಕಿಸುವ ಇಲಾಖೆಯೂ ಅರಣ್ಯ ಇಲಾಖೆಯೂ ಒಂದೇ ಮೇಜಿಗೆ ಕೂತು ಈ ವ್ಯತ್ಯಾಸ ನೋಡಬೇಕು. ನಲ್ಲಿ ಹಾಕುವವರಿಗೆ ಹಳ್ಳದ ಮೂಲ ಗೊತ್ತಿಲ್ಲ, ಮೂಲದ ಕಾಡನ್ನು ಬಿಟ್ಟುಕೊಡುವವರಿಗೆ ನಲ್ಲಿ ಗೊತ್ತಿಲ್ಲ.

ಮಳೆಯ ಅಳತೆ ನಿಮ್ಮಲ್ಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರುವುದು ದೇಶದಲ್ಲೇ ಮೆಚ್ಚುವ ಕೆಲಸ. ಹಾಗಿದ್ದೂ ಯೋಜನಾ ವರದಿಗಳು ತಾಲ್ಲೂಕು ಕೇಂದ್ರದ ಸರಾಸರಿಯನ್ನೇ ಎತ್ತಿ ಬರೆಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರುವ ಮಳೆ ನೂರು ಕಿ.ಮೀ. ಒಳಗಿನ ಶಿವಮೊಗ್ಗದಲ್ಲಿ ಸಾವಿರದ ಆಸುಪಾಸಿಗೆ ಇಳಿಯುವ ನಾಡಿದು; ಇಲ್ಲಿ ಪಕ್ಕದ ಊರಿನ ಮಳೆ ಪಕ್ಕದ ಊರಿನದೇ. ಮಣ್ಣು ನೀರು ಕುಡಿಯುವ ವೇಗಕ್ಕೆ ಜೋಡಿ ಬಳೆಯ ಪರೀಕ್ಷೆ ಇದೆ: 30 ಸೆಂ.ಮೀ. ಮತ್ತು 60 ಸೆಂ.ಮೀ. ವ್ಯಾಸದ ಎರಡು ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ನೆಲಕ್ಕೆ ಇಳಿಸಿ, ಎರಡಕ್ಕೂ ನೀರು ಹೊಯ್ದು, ಒಳಗಿನದು ಇಳಿಯುವ ವೇಗ ಸ್ಥಿರವಾಗುವವರೆಗೆ ಅಳೆಯುವುದು. ಹೊರಬಳೆಯ ನೀರು ಒಳಗಿನದನ್ನು ಪಕ್ಕಕ್ಕೆ ಹರಿಯಗೊಡುವುದಿಲ್ಲ. ಬಿರುಬೇಸಿಗೆಯಲ್ಲಿ ಬಿರಿದ ನೆಲದ ಮೇಲೆ ಮಾಡಿದರೆ ಬೋಳುಗುಡ್ಡವೂ ಕಾಡಿನಷ್ಟೇ ಕುಡಿಯುವಂತೆ ಕಾಣುತ್ತದೆ. ಬಳೆ ಬಡಿಯುವಾಗ ಬೇರಿಗೆ ತಾಗಿ ಸಂದು ಬಿಟ್ಟರೂ ಹಾಗೆಯೇ. ಒಂದೇ ಕಾಡಿನೊಳಗೆ ಎರಡು ಮಾರು ಅಂತರದಲ್ಲಿ ಹತ್ತು ಪಟ್ಟು ವ್ಯತ್ಯಾಸ ಬರಬಹುದು, ಹಾಗಾಗಿ ಎರಡು ಮೂರು ಜಾಗದ ಸರಾಸರಿಯನ್ನು ನಂಬಬಾರದು. ಪ್ರತಿ ಬಗೆಯ ನೆಲದಲ್ಲಿ ಕನಿಷ್ಠ ಇಪ್ಪತ್ತು ಕಡೆ ಅಳೆದು ನಡುವಿನ ಬೆಲೆಯನ್ನು ಹಿಡಿಯಬೇಕು.

ಬದಲಿ ಅರಣ್ಯೀಕರಣದ ಬಗ್ಗೆ ಹೇಳದಿದ್ದರೆ ಪತ್ರ ಮುಗಿಯದು. ಕಾಡು ಕಡಿದ ಹಳ್ಳದ ಜಲಾನಯನದಲ್ಲೇ ಬದಲಿ ಗಿಡ ನೆಡಬೇಕೆಂಬ ಕಡ್ಡಾಯ ಇಲ್ಲ. ಶರಾವತಿಯ ಕಣಿವೆಯಲ್ಲಿ ಹೋದದ್ದಕ್ಕೆ ಬಯಲುಸೀಮೆಯಲ್ಲಿ ಗಿಡ ನೆಟ್ಟರೂ ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ಹಳ್ಳದ ಪಾಲಿಗೆ ಸರಿಹೋಗುವುದಿಲ್ಲ. ಇನ್ನು ಏನು ನೆಡುತ್ತಾರೆ? ನರ್ಸರಿಗಳಲ್ಲಿ ಅಕೇಶಿಯಾ ಹೆಚ್ಚಾಗಿ ಕಾಣಲು ಒಂದು ಸಾದಾ ಕಾರಣವಿದೆ: ಅದರ ಬೀಜ ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ, ಯಾವಾಗ ಬೇಕಾದರೂ ಹಾಕಬಹುದು. ಸಾಲುಧೂಪ, ಹೈಗ, ರಾಮಪತ್ರೆಯಂಥ ಕಾನಿನ ಮರಗಳ ಬೀಜ ಒಣಗಿದರೆ ಸತ್ತಂತೆ. ಬಿದ್ದ ಕೆಲವೇ ದಿನಗಳಲ್ಲಿ ಆರಿಸಿ ಹಸಿಯಾಗಿಯೇ ಬಿತ್ತಬೇಕು. ಬಹಳಷ್ಟು ಬೀಜ ಬೀಳುವುದು ಮುಂಗಾರಿನ ಹೊಸ್ತಿಲಲ್ಲಿ. ಆ ಹೊತ್ತಿಗೆ ಟೆಂಡರು, ಅನುದಾನ, ಮಂಜೂರಾತಿ ಎಂದು ಕಾಯುತ್ತ ಕೂತರೆ ಆ ವರ್ಷ ಹೋಯಿತು. ಬೀಜ ಬೀಳುವ ಕಾಲಕ್ಕೆ ವಲಯ ಅರಣ್ಯಾಧಿಕಾರಿಯ ಕೈಯಲ್ಲಿ ಹಣ ಇರಬೇಕು, ಆಮೇಲೆ ಅಲ್ಲ.

ಈ ಸಸಿಗಳನ್ನು ಬಯಲಿನಲ್ಲಿ ಬಿಸಿಲಿಗೆ ನೆಟ್ಟು ‘ಸ್ಥಳೀಯ ಜಾತಿ ಬದುಕುವುದಿಲ್ಲ’ ಎಂದು ಷರಾ ಬರೆಯುವುದು ಇನ್ನೊಂದು ಸಂಪ್ರದಾಯ. ಇವು ನೆರಳಿನಲ್ಲಿ ಹುಟ್ಟಿ ಬೆಳೆಯುವ ಗಿಡಗಳು. ಇರುವ ಅಕೇಶಿಯಾ ತೋಪನ್ನು ಒಮ್ಮೆಗೇ ಸವರಿದರೆ ನೆಲದಲ್ಲಿ ಮಲಗಿದ್ದ ಅದರ ಬೀಜವೇ ಎದ್ದು ಮತ್ತೆ ಅಕೇಶಿಯಾ ಬರುತ್ತದೆ. ಅದರ ಬದಲು ಮೂರರಲ್ಲೊಂದು ಮರ ತೆಗೆದು, ಸಿಕ್ಕ ಬೆಳಕಿನಲ್ಲಿ ಉಪ್ಪಾಗೆ, ಮುರುಗಲು, ಹೆಬ್ಬಲಸು, ನೇರಳೆ, ಹಳ್ಳದ ದಂಡೆಗೆ ರಾಮಪತ್ರೆ ನೆಟ್ಟು, ನಾಲ್ಕೈದು ವರ್ಷದ ಅಂತರದಲ್ಲಿ ಉಳಿದ ಅಕೇಶಿಯಾವನ್ನು ಹಂತಹಂತವಾಗಿ ತೆಗೆಯುವುದು ದಾರಿ. ಹಳೆಯ ಬುಡಗಳು ಇನ್ನೂ ಚಿಗುರುತ್ತಿರುವ ಸೊಪ್ಪಿನ ಬೆಟ್ಟ, ಬಾಣೆಗಳಲ್ಲಿ (ತೋಟ, ಗದ್ದೆಗೆ ಸೇರಿದಂತೆ ಬಿಟ್ಟ ಕಾಡುಗಳಲ್ಲಿ) ಅದೂ ಬೇಡ. ಬೆಂಕಿ, ದನ, ಕೊಡಲಿ ಮೂರನ್ನೂ ಐದು ವರ್ಷ ತಡೆದರೆ ನೆಡುವುದಕ್ಕಿಂತ ಅಗ್ಗದಲ್ಲಿ ಕಾಡು ಏಳುತ್ತದೆ. ಇದರಲ್ಲಿ ಗುತ್ತಿಗೆದಾರನಿಗೆ ಬಿಲ್ಲು ಬರೆಯಲು ಏನೂ ಇಲ್ಲದಿರುವುದೇ ಇದು ಜಾರಿಗೆ ಬಾರದಿರುವುದಕ್ಕೆ ಕಾರಣವಿರಬೇಕು. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳನ್ನು ಮಾತ್ರ ಯಾವ ಹಣ ಕೊಟ್ಟರೂ ಮತ್ತೆ ಮಾಡಲಾಗದು. ವರ್ಷವಿಡೀ ನೀರು ಒಸರುವ ಆ ಜೌಗುಗಳಿಗೆ ಬದಲಿ ಇಲ್ಲವೆಂದೇ ಅವನ್ನು ಬದಲಿಯ ಪಟ್ಟಿಯಿಂದ ಹೊರಗಿಡಿ.

ಪಶ್ಚಿಮಘಟ್ಟದ ರಕ್ಷಣೆಗೆಂದು ಕೇಂದ್ರ ನೇಮಿಸಿದ್ದ ಸಮಿತಿಯ ಕಸ್ತೂರಿರಂಗನ್ ವರದಿ ರಾಜ್ಯದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತ್ತು. 2024ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಹಳ್ಳಿಗಳ ಆತಂಕ ಸುಳ್ಳಲ್ಲ, ಉಪಗ್ರಹದ ಚಿತ್ರ ನೋಡಿ ಅಡಿಕೆ ತೋಟವನ್ನೂ ಕಾಡೆಂದು ಬರೆದ ಕಡೆಗಳಿವೆ ಎಂಬ ದೂರನ್ನು ನಾವೂ ಬಲ್ಲೆವು. ವರದಿ ಬೇಡವೆಂದರೆ ಬೇಡ. ಹಾಗಿದ್ದರೆ ಯಾವ ಕಾಡನ್ನು ಮುಟ್ಟಬಾರದು ಎಂದು ನಿರ್ಧರಿಸಲು ನಿಮ್ಮ ಬಳಿ ಇರುವ ಅಳತೆಗೋಲು ಯಾವುದು? ಬೇಸಿಗೆಯ ಹರಿವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಅದಕ್ಕೆ ಯಾವ ಹಳ್ಳಿಯೂ ವಿರೋಧ ಮಾಡದು.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ಘಟ್ಟದ ಜಿಲ್ಲೆಗಳಲ್ಲಿ ಅರಣ್ಯ ಬಿಟ್ಟುಕೊಡುವ ಯಾವ ಪ್ರಸ್ತಾವವನ್ನೂ ಅಲ್ಲಿನ ಹಳ್ಳ, ಒರತೆಗಳ ಕನಿಷ್ಠ ಮೂರು ಬೇಸಿಗೆಯ ಅಳತೆ ಇಲ್ಲದೆ ಕೇಂದ್ರಕ್ಕೆ ಕಳಿಸಬೇಡಿ. ಅಳೆಯುವ ಕೆಲಸವನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ; 2002ರ ಕಾಯ್ದೆಯಡಿ ರಚಿಸಿದ ಈ ಸಮಿತಿಗಳಿಗೆ ಬಹಳ ಕಡೆ ಮಾಡಲು ಕೆಲಸವೇ ಇಲ್ಲ. ಖರ್ಚಿಗೆ ಬದಲಿ ಅರಣ್ಯೀಕರಣ ನಿಧಿಯಿಂದ ಹಣ ತೆಗೆಯಿರಿ. ಯೋಜನೆಯ ಗುತ್ತಿಗೆದಾರ ಕೊಟ್ಟ ಅಂಕಿಯನ್ನು ಯೋಜನೆಯ ಪರವಾಗಿ ಬಳಸುವುದು ನಿಲ್ಲಲಿ. ಓದಿದ ಅಂಕಿ ಅದೇ ವಾರ ಪಂಚಾಯಿತಿಯ ಫಲಕದಲ್ಲೂ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲೂ ಬರಲಿ, ತಿದ್ದಲು ಯಾರಿಗೂ ಸಮಯ ಸಿಗದಂತೆ. ಬದಲಿ ಕಾಡು ಅದೇ ಜಲಾನಯನದಲ್ಲಿ ಏಳಲಿ. ಕಡಿದಾದ ಇಳಿಜಾರಿನಲ್ಲಿ ಜೆಸಿಬಿ ಗುಂಡಿ ನಿಲ್ಲಲಿ.

ಇವುಗಳಲ್ಲಿ ಮೊದಲನೆಯದಕ್ಕೆ ಗಡುವು ಇದೆ, ಅದು ನಾವು ಹಾಕಿದ್ದಲ್ಲ. ಹಿಂಗಾರು ಮುಗಿದು ಹಳ್ಳ ತಿಳಿಯಾಗುವುದು ನವೆಂಬರ್ ಕೊನೆಗೆ. ಹರಿವು ಇಳಿಯತೊಡಗುವ ಆ ವಾರಕ್ಕೆ ಕಚ್ಚಿನ ತಗಡು ಹಳ್ಳದಲ್ಲಿ ಇರದಿದ್ದರೆ ಜನವರಿಯಲ್ಲಿ ಕೂರಿಸಿ ಪ್ರಯೋಜನವಿಲ್ಲ, ಇಳಿತದ ಮೊದಲ ಭಾಗವೇ ದಾಖಲೆಯಲ್ಲಿ ಇರುವುದಿಲ್ಲ. ಆದೇಶ ಸೆಪ್ಟೆಂಬರಿನಲ್ಲಿ ಹೊರಟರೆ, ತಗಡು ಕೊಯ್ಯಿಸಿ, ಜಾಗ ನೋಡಿ, ಓದುವವರಿಗೆ ಎರಡು ದಿನ ತರಬೇತಿ ಕೊಟ್ಟು ಕೂರಿಸಲು ಸಮಯ ಸರಿಯಾಗುತ್ತದೆ.

ಇಂತಿ,
ಮಲೆನಾಡು, ಕೊಡಗು ಮತ್ತು ಕರಾವಳಿಯಲ್ಲಿ ಕಾಡು, ಮಣ್ಣು, ನೀರಿನ ಅಧ್ಯಯನದಲ್ಲಿ ತೊಡಗಿರುವವರು